ಕಡಲಿಗೆ ಬೆನ್ನು ಹಾಕಿದವಳು

ಬಹಳ ಬಹಳ ಹಿಂದೆ, ಲೋಕದ ನೆತ್ತಿಯ ಹತ್ತಿರ, ಬೆಂಕಿಗೂ ಹಿಮಕ್ಕೂ ಮದುವೆಯಾಯಿತಂತೆ. ಇಬ್ಬರಿಗೂ ಇರಲೊಂದು ಜಾಗ ಬೇಕಲ್ಲ, ಸಮುದ್ರರಾಜ ಒಂದು ದ್ವೀಪ ಕೊಟ್ಟ. ಬೆಂಕಿ ನೆಲದ ಕೆಳಗೆ ಮಲಗಿದ, ಹಿಮ ನೆಲದ ಮೇಲೆ ಮಲಗಿದಳು. ಗಂಡ ಮಗ್ಗುಲು ಬದಲಿಸಿದಾಗಲೆಲ್ಲ ಹೆಂಡತಿಯ ಮೈ ಬೆಂದು ಬೊಬ್ಬೆ ಏಳುತ್ತಿತ್ತು. ಸಹಿಸುವಷ್ಟು ಸಹಿಸಿದಳು. ಒಂದು ದಿನ ಗಂಟು ಕಟ್ಟಿಕೊಂಡು ಕಡಲ ದಂಡೆಗೆ ಬಂದು ನಿಂತಳು. ಬೆಂಕಿ ಎದ್ದು ಬಂದು ಅವಳ ಜಡೆಗೆ ಕೈ ಹಾಕಿದ. ಅಲ್ಲಿ ಹರಿದ ರಕ್ತವೆಲ್ಲ ಹೆಪ್ಪುಗಟ್ಟಿ ಕರಿಮರಳಾಯಿತಂತೆ, ಮುರಿದ ಎಲುಬೆಲ್ಲ ನಿಂತಲ್ಲೇ ಕಲ್ಲಿನ ಕಂಬಗಳಾದವಂತೆ.

ಈ ಕತೆ ಅಜ್ಜಿಯದಲ್ಲ. ಉಡುಪಿಯ ಅಜ್ಜಿಗೆ ಐಸ್‌ಲ್ಯಾಂಡ್ ಎಂಬ ದ್ವೀಪ ಇರುವುದೇ ಗೊತ್ತಿರಲಿಲ್ಲ. ವೆಲ್ಡ್‌ಹೋವನ್ ಎಂಬ ಡಚ್ ಊರಿನ ಒಂದು ಸಾಲುಮನೆಯ ಸೋಫಾದ ಮೇಲೆ ಕೂತು, ಎದುರಿನ ಟಿವಿಯಲ್ಲಿ ಕರಿಮರಳಿನ ದಂಡೆ ನೋಡುತ್ತ ನೋಡುತ್ತ ಕ್ಷಮಾ ತಾನೇ ಕಟ್ಟಿಕೊಂಡದ್ದು. ಹೆದರಿಕೆಯಾದಾಗ ಅವಳಿಗೆ ಹೀಗೆ ಕತೆ ಬರುತ್ತದೆ.

ಹೆದರಲು ಕಾರಣವಿತ್ತು. ಪಕ್ಕದ ಕುರ್ಚಿಯಲ್ಲಿ ಚಿರಂತನ ಕೂತಿದ್ದ.

"ಓದಿ ಮೇಡಂ," ಅಂದ ಅವನು. "ಸಹಿ ಹಾಕಿ ಮುಗಿಸ್ತೀನಿ. ನಾಳೆ ಉತ್ತರಕ್ರಿಯೆ ಇದೆ, ನೂರು ಕೆಲಸ ಇದೆ."

ಹದಿನೇಳು ದಿನಗಳ ಹಿಂದೆ ಐಸ್‌ಲ್ಯಾಂಡಿನಲ್ಲಿ ಅವನ ಹೆಂಡತಿ ಮಾನಸಳನ್ನು ಅಲೆ ಎಳೆದುಕೊಂಡು ಹೋಗಿತ್ತು. ದೇಹ ಸಿಕ್ಕಿರಲಿಲ್ಲ. ಡೆಲ್ಫ್ಟ್‌ನಲ್ಲಿ ಕಲ್ಲುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಕ್ಷಮಾಳನ್ನು, ಕನ್ನಡ-ತುಳು-ಡಚ್ ಮೂರೂ ಬರುತ್ತವೆಂದು, ಪೊಲೀಸರು ದುಭಾಷಿಯಾಗಿ ಕರೆದಿದ್ದರು. ಗಂಡನ ಹೇಳಿಕೆಯನ್ನು ಡಚ್‌ಗೆ ತಂದವಳು ಅವಳೇ. ಕೊನೆಗೊಮ್ಮೆ ಅದನ್ನು ಕನ್ನಡದಲ್ಲಿ ಓದಿ ಹೇಳಿ, ಸರಿ ಎಂದ ಮೇಲೆ ಸಹಿ ಹಾಕಿಸಬೇಕು. ಅದು ಆ ಕೆಲಸದ ಕ್ರಮ. ಆದರೆ ಪೊಲೀಸರ ಜೊತೆಯಲ್ಲಿ ಬರಬೇಕಾದವಳು ಇವತ್ತು ಒಬ್ಬಳೇ ಬಂದಿದ್ದಳು. ಯಾರಿಗೂ ಹೇಳದೆ.

ಯಾಕೆಂದರೆ ಅವಳು ಒಂದು ಮಾತು ಕೊಟ್ಟುಬಿಟ್ಟಿದ್ದಳು.

ಮಾತು ಕೊಟ್ಟದ್ದು ಮಾನಸಳ ಅಮ್ಮ ಉಮಾವತಿಗೆ. ಮಲ್ಪೆಯಲ್ಲಿ ಮೂವತ್ತು ವರ್ಷ ಮೀನು ಮಾರಿದ ಹೆಂಗಸು, ಮೊದಲ ಸಲ ವಿಮಾನ ಹತ್ತಿ ಅಳಿಯನ ಮನೆಗೆ ಬಂದಿದ್ದರು. ಬಂದ ದಿನವೇ ಪೊಲೀಸ್ ಠಾಣೆಯ ಕಾಫಿ ಯಂತ್ರದ ಪಕ್ಕ ಕ್ಷಮಾಳ ಮುಂಗೈ ಹಿಡಿದು ಕೇಳಿದ್ದರು, "ಕಡಲು ಕೊಂಡುಹೋದದ್ದೋ, ಮನುಷ್ಯ ಕೊಂಡುಹೋದದ್ದೋ, ಅದೊಂದು ಹೇಳು ಮಗಾ. ನನ್ನ ಗಂಡ ಎರಡು ವಾರದಿಂದ ದೋಣಿಗೆ ಕಾಲಿಟ್ಟಿಲ್ಲ. ಅನ್ನ ಕೊಟ್ಟ ಕಡಲೇ ಮಗಳನ್ನು ತಿಂದಿತು ಅಂತ ಅದಕ್ಕೆ ಉಗಿದು ಕೂತಿದ್ದಾರೆ. ಅದು ಗೊತ್ತಾಗದೆ ನಾನು ಎಳ್ಳುನೀರು ಬಿಡುವುದಿಲ್ಲ."

ಹೇಳ್ತೇನೆ ಉಮಕ್ಕ ಅಂದಿದ್ದಳು ಕ್ಷಮಾ. ಸುಮ್ಮನೆ ಬಾಯಿಗೆ ಬಂದ ಮಾತು. ಆಮೇಲೆ ನಿದ್ದೆ ಹೋಯಿತು.

ಈಗ ಉಮಾವತಿ ಒಳಗೆ ಅಡುಗೆಮನೆಯಲ್ಲಿದ್ದರು. ದೋಸೆ ಹುಯ್ಯುವ ಚುಂಯ್ ಸದ್ದು ಕೇಳುತ್ತಿತ್ತು. ಊಟದ ಮೇಜಿನ ತುಂಬ ಬೇರೆಯವರು ತಂದುಕೊಟ್ಟ ಡಬ್ಬಿಗಳು. ಚಿತ್ರಾನ್ನ, ಬಿಸಿಬೇಳೆಬಾತ್, ಪಲ್ಯ. ಹೆಂಡತಿ ಕಳೆದುಕೊಂಡವನಿಗೆ ಪಕ್ಕದ ಐಂಡ್‌ಹೋವನ್ನಿನ ಕನ್ನಡಿಗರೆಲ್ಲ ಸರದಿಯ ಮೇಲೆ ಊಟ ಹೊರುತ್ತಿದ್ದರು.

"ಫೋಟೋ ನೋಡ್ತಾ ಓದೋಣವಾ?" ಅಂದಳು ಕ್ಷಮಾ. "ಜಾಗದ ಹೆಸರು ತಪ್ಪಬಾರದು."

ಚಿರಂತನ ರಿಮೋಟ್ ಒತ್ತಿ ಚಿತ್ರಗಳನ್ನು ಮೊದಲಿನಿಂದ ಶುರು ಮಾಡಿದ. ನಾಳೆ ಜನರ ಮುಂದೆ ತೋರಿಸಲು ಎಲ್ಲವನ್ನೂ ಜೋಡಿಸಿಟ್ಟಿದ್ದ.

ಮೊದಲನೆಯದು ಥಿಂಗ್‌ವೆಟ್ಲಿರ್. ಭೂಮಿ ಸೀಳಿಕೊಂಡು ಎರಡು ಕರಿಗೋಡೆಗಳಾಗಿ ನಿಂತ ಬಯಲು. ಸಾವಿರ ವರ್ಷದ ಹಿಂದೆ ಆ ದ್ವೀಪದವರು ಬಯಲಲ್ಲೇ ಸಭೆ ಸೇರಿ ನ್ಯಾಯ ಹೇಳುತ್ತಿದ್ದ ಜಾಗ. ಗೋಡೆಗಳ ನಡುವೆ ತಣ್ಣಗೆ ಹರಿಯುವ ನೀರು, ಅದರಲ್ಲೊಂದು ಮಡು.

"ಆ ಮಡು ಏನು ಗೊತ್ತಾ?" ಚಿರಂತನ ತಾನಾಗಿಯೇ ಹೇಳಿದ. "ಹಿಂದೆ ತಪ್ಪು ಮಾಡಿದ ಹೆಂಗಸರನ್ನ ಗೋಣಿಚೀಲದಲ್ಲಿ ಕಟ್ಟಿ ಅಲ್ಲಿ ಮುಳುಗಿಸ್ತಿದ್ರಂತೆ. ಗಂಡಸರ ತಲೆ ಕಡೀತಿದ್ರಂತೆ. ಬೋರ್ಡ್ ಹಾಕಿದ್ದಾರೆ. ಹದಿನೆಂಟು ಜನ ಹೆಂಗಸರು."

"ಎಣಿಸಿದ್ದೀರಿ."

"ಬೋರ್ಡಲ್ಲಿತ್ತು."

ಮಡುವಿನ ದಂಡೆಯಲ್ಲಿ ಕೆಂಪು ಜಾಕೆಟ್ ತೊಟ್ಟ ಹೆಂಗಸು. ತಲೆಗೆ ಜಾಕೆಟ್ಟಿನ ಟೋಪಿ, ಕ್ಯಾಮೆರಾ ಕಡೆ ಬೆನ್ನು. ಮುಂದಿನದು ನೆಲದಿಂದ ಕುದಿನೀರು ಆಳೆತ್ತರ ಚಿಮ್ಮುವ ಚಿತ್ರ. ಆವಿಯ ಹಿಂದೆ ಅದೇ ಕೆಂಪು, ಮುಖ ಮಬ್ಬು. ಆಮೇಲೆ ಸ್ಕೋಗಾಫಾಸ್ ಎಂಬ ಜಲಪಾತ, ಅರವತ್ತು ಮೀಟರ್ ಎತ್ತರದ ಬಿಳಿ ಪರದೆ; ಅದರ ಬುಡದಲ್ಲಿ ಬೆರಳ ತುದಿಯಷ್ಟು ಕೆಂಪು. ಕೆಂಪು ಜಾಕೆಟ್ ಮಾನಸಳದೇ. ಅದನ್ನು ಎಲ್ಲರೂ ಗುರುತಿಸಿದ್ದರು, ಹೆತ್ತ ತಾಯಿ ಕೂಡ.

"ಒಂದರಲ್ಲೂ ಮುಖ ಇಲ್ಲ," ಅಂದಳು ಕ್ಷಮಾ.

"ಚಳಿ ಕಣ್ರೀ. ಗಾಳಿ. ನೀವು ಹೋಗಿ ನೋಡಿ, ಮೂಗು ಉದುರುತ್ತೆ."

ಕೊನೆಯದು ವಿಡಿಯೋ. ರೇನಿಸ್‌ಫ್ಯಾರಾ ಎಂಬ ಕರಿಮರಳಿನ ದಂಡೆ. ಒಂದು ಬದಿಗೆ ಬೆಟ್ಟದ ಮೈಯೆಲ್ಲ ಆರು ಮೂಲೆಯ ಕಲ್ಲುಕಂಬಗಳು, ಒಂದಕ್ಕೊಂದು ಅಂಟಿ, ಮೆಟ್ಟಿಲು ಮೆಟ್ಟಿಲಾಗಿ. ಕಡಲೊಳಗೆ ಕೋರೆಹಲ್ಲಿನಂತೆ ಎದ್ದ ಬಂಡೆಗಳು. ಚಿರಂತನ ಫೋನನ್ನು ಕೋಲಿಗೆ ಸಿಕ್ಕಿಸಿ ಮರಳಲ್ಲಿ ನೆಟ್ಟಿದ್ದ. ಕೆಂಪು ಜಾಕೆಟ್ಟಿನವಳು ಬೂಟುಕಾಲಲ್ಲೇ ನೀರಿನ ಅಂಚಿಗೆ ನಡೆದು, ತಿರುಗಿ, ಕಡಲಿಗೆ ಬೆನ್ನು ಹಾಕಿ ನಿಂತು, ಕಂಬಗಳನ್ನು ನೋಡುತ್ತ ತಲೆಯೆತ್ತಿದಳು. ಟೋಪಿಯ ನೆರಳಲ್ಲಿ ಗಲ್ಲ ಮಾತ್ರ ಕಂಡಿತು. ಅವನು ಅವಳ ಕಡೆ ನಡೆದ. ಹಿಂದಿನಿಂದ ಅಲೆ ಮನೆಯ ಗೋಡೆಯಂತೆ ಎದ್ದಿತು. ಇಬ್ಬರೂ ಮುಳುಗಿದರು. ನೀರು ಇಳಿದಾಗ ಅವನೊಬ್ಬ ಮೊಣಕಾಲ ಮೇಲಿದ್ದ. ಕೆಂಪು ದೂರದಲ್ಲಿ ಒಮ್ಮೆ ಮೇಲೆದ್ದು ಬಂಡೆಗೆ ಅಪ್ಪಳಿಸಿತು. ಕೈ ಒಂದು ಕಡೆ, ತಲೆ ಒಂದು ಕಡೆ, ಬೊಂಬೆಯ ಹಾಗೆ. ಇನ್ನೊಂದು ಅಲೆ ಬಂತು. ಆಮೇಲೆ ಬರೀ ನೊರೆ.

ಇಪ್ಪತ್ತು ಪ್ರವಾಸಿಗರು ದೂರದಿಂದ ಇದನ್ನು ಕಂಡಿದ್ದರು. ಅಲೆ ಬಂದದ್ದು ನಿಜ. ಹೆಂಗಸು ಸತ್ತದ್ದೂ ನಿಜ.

ಕ್ಷಮಾ ಕಾಗದ ಎತ್ತಿಕೊಂಡಳು. ಬೆರಳಿಟ್ಟು ಸಾಲು ಹುಡುಕಿ ಓದಿದಳು.

"'ಆ ಕಲ್ಲುಕಂಬಗಳನ್ನು ನೋಡಿ ನನ್ನ ಹೆಂಡತಿ ಮೈಮರೆತಳು. ಹುಟ್ಟಿದಾರಭ್ಯ ಇಂಥ ಕಲ್ಲನ್ನು ಎಲ್ಲೂ ಕಂಡಿಲ್ಲ ಎಂದು ಎರಡು ಮೂರು ಸಲ ಹೇಳಿದಳು. ಅದಕ್ಕೇ ಕಡಲಿಗೆ ಬೆನ್ನು ಹಾಕಿ ನಿಂತಿದ್ದಳು.' ಸರಿ ಇದೆಯಾ?"

"ಸರಿ ಇದೆ."

"ಅವಳೇ ಹೇಳಿದ್ದಾ?"

"ನನ್ನ ಕಿವೀಲಿ ಕೇಳಿದ್ದೀನಿ ಅಂದ್ನಲ್ಲ. ಪೆನ್ ಕೊಡಿ."

ಕೊಟ್ಟಳು. ಅವನು ಪ್ರತಿ ಹಾಳೆಗೂ ಸಹಿ ಹಾಕಿದ, ದಿನಾಂಕ ಬರೆದ. ಕ್ಷಮಾ ಹಾಳೆಗಳನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. ಅಲ್ಲಿಗೆ ಎದ್ದು ಹೋಗಿದ್ದರೆ ಬುದ್ಧಿವಂತಿಕೆಯಾಗುತ್ತಿತ್ತು. ಆದರೆ ಕತೆ ಕೇಳಿ ಬೆಳೆದವರಿಗೆ ಕೊನೆ ಕೇಳದೆ ಏಳುವ ಅಭ್ಯಾಸವಿರುವುದಿಲ್ಲ.

"ಮದುವೆಯಾಗಿ ಎಷ್ಟು ವರ್ಷ ನಿಮಗೆ?"

"ಆರು."

"ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೀರಾ?"

"ನಂಗೆ ದೋಣಿ ಆಗಲ್ಲ. ವಾಂತಿ. ಯಾಕೆ?"

"ನಿಮ್ಮ ಅತ್ತೆ ಮನೆ ಅಂಗಳದಲ್ಲಿ ನಿಂತರೆ ಕಾಣುವ ದ್ವೀಪ. ಅಲ್ಲಿ ಇಡೀ ದಂಡೆ ಇದೇ ಕಲ್ಲು. ಇದೇ ಆರು ಮೂಲೆ, ಇದೇ ಕಂಬ. ಬೆಂಕಿ ಬೆಟ್ಟದ ಕಲ್ಲು ತಣ್ಣಗಾಗಿ ಸೀಳಿದ್ದು. ನಾನು ಕಲ್ಲು ಓದುವವಳಾದದ್ದೇ ಅದನ್ನು ನೋಡಿ. ಮಾನಸ ಅದರ ಮೇಲೆ ಅಂಬೆಗಾಲಿಟ್ಟವಳು, ಅವಳಪ್ಪ ಬಲೆ ಒಣಗಿಸುವಾಗ. ಅವಳು ಇಂಥ ಕಲ್ಲು ಕಂಡೇ ಇಲ್ಲ ಅಂದಳಾ?"

ಟಿವಿಯಲ್ಲಿ ವಿಡಿಯೋ ಮತ್ತೆ ಮೊದಲಿನಿಂದ ಶುರುವಾಯಿತು. ಕ್ಷಮಾ ರಿಮೋಟ್ ತೆಗೆದುಕೊಂಡು ನಿಲ್ಲಿಸಿದಳು.

"ಇಲ್ಲಿ ನೋಡಿ. ಬೂಟುಕಾಲು. ನಮ್ಮ ಕಡೆ ಬೋಟಿನವರ ಮನೆಯ ಮಕ್ಕಳು ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕಡಲಿಗೆ ಇಳಿಯುವುದಿಲ್ಲ. ಎಷ್ಟು ಓದಿರಲಿ, ಯಾವ ದೇಶದಲ್ಲಿರಲಿ, ಕೈ ತಾನಾಗಿ ಹೋಗುತ್ತದೆ. ಹಾಗೇ ಕಡಲಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಇವಳು ಕಡಲು ನೋಡಿ ಬೆಳೆದವಳೇ ಅಲ್ಲ."

"ಟೂರಿಸ್ಟ್ ಆಗಿ ಹೋದಾಗ ಯಾರು ಇದೆಲ್ಲ..."

"ಇನ್ನೊಂದು ನೋಡಿ." ಚಿತ್ರ ಒಂದೊಂದೇ ಹೆಜ್ಜೆ ಸರಿಯಿತು. ಅಲೆ ಎದ್ದ ಕ್ಷಣ. ಚಿರಂತನನ ಎರಡು ಕೈ ಕೆಂಪು ಜಾಕೆಟ್ಟಿನ ಎದೆಯ ಮೇಲೆ. ಬೆರಳು ಮಡಿಸಿಲ್ಲ. ಅಂಗೈ ಅಗಲವಾಗಿ ಬಿಚ್ಚಿದೆ. "ಹಿಡಿಯುವವರು ಬೆರಳು ಮಡಿಸುತ್ತಾರೆ."

ಅಡುಗೆಮನೆಯಲ್ಲಿ ಚುಂಯ್ ಸದ್ದು ನಿಂತಿತ್ತು.

"ಡೆಲ್ಫ್ಟ್‌ನಲ್ಲಿ ಒಬ್ಬಳು ನವ್ಯಾ ಇದ್ದಳು," ಅಂದಳು ಕ್ಷಮಾ. "ದಾವಣಗೆರೆ ಹುಡುಗಿ. ನನ್ನ ಕೆಳಗಿನ ಮಹಡಿ. ಊರಿಗೆ ಹೋಗ್ತೀನಿ ಅಂತ ಹೊರಟವಳು ಊರು ಮುಟ್ಟಿಲ್ಲ, ಫೋನೂ ಎತ್ತುತ್ತಿಲ್ಲ. ಅವಳನ್ನು ಎರಡು ಸಲ ಸ್ಟೇಷನ್‌ಗೆ ಬಿಡಲು ಬಂದ ಕಾರು ಈಗ ನಿಮ್ಮ ಬಾಗಿಲಲ್ಲಿದೆ. ಇಲ್ಲಿಂದ ಐಸ್‌ಲ್ಯಾಂಡಿಗೆ ಹೋಗುವವರ ಪಾಸ್‌ಪೋರ್ಟನ್ನು ಗಡಿಯಲ್ಲಿ ಯಾರೂ ನೋಡುವುದಿಲ್ಲ. ಮಾನಸಳ ಟಿಕೆಟ್, ಮಾನಸಳ ಜಾಕೆಟ್..."

ಮೊದಲ ಏಟು ಎಡಗಿವಿಗೆ ಬಿತ್ತು.

ಕಿವಿಯೊಳಗೆ ಗುಂಯ್ ಎಂಬ ಶಬ್ದ. ಗಾಜಿನ ಟೀಪಾಯಿಯ ಮೇಲೆ ಬಿದ್ದಳು. ಅದು ಒಡೆದು ಅವಳೊಂದಿಗೇ ಕೆಳಗೆ ಬಂತು. ಅಂಗೈಗೆ ಚೂರು ಹೊಕ್ಕಿತು. ಏಳುವ ಮೊದಲೇ ಹಿಮ್ಮಡಿಯ ಒದೆ ಪಕ್ಕೆಗೆ. ಉಸಿರು ಪೂರಾ ಹೊರಗೆ ಹೋಗಿ ಒಳಗೆ ಬರಲು ಮರೆತಿತು.

"ಕಲ್ಲು ಓದ್ತೀಯಾ?" ಚಿರಂತನ ಅವಳ ಕೂದಲು ಹಿಡಿದು ಎತ್ತಿದ. ಮೇಡಂ ಹೋಗಿತ್ತು, ಬಹುವಚನ ಹೋಗಿತ್ತು. "ಚೀಲ ಕೊಡು. ಕೊಡೇ."

ಅವಳು ಚೀಲವನ್ನು ಹೊಟ್ಟೆಯಡಿಗೆ ಅವಚಿಕೊಂಡಳು. ಅವನು ಮುಖವನ್ನು ಗಾಜಿನ ಮೇಲೆ ಒತ್ತಿದ. ಕೆನ್ನೆ ಸೀಳಿತು, ಬೆಚ್ಚಗೆ ಬಾಯಿಗಿಳಿಯಿತು. ಎದುರಿಗೆ ಬಂದ ಹೆಬ್ಬೆರಳನ್ನು ಅವಳು ಕಚ್ಚಿ ಹಿಡಿದಳು, ಎಲುಬಿಗೆ ಹಲ್ಲು ತಾಗುವವರೆಗೆ. ಅವನು ಕಿರುಚಿ ಕೈ ಕಿತ್ತುಕೊಂಡ. ಬಾಗಿಲ ಕಡೆ ಎರಡು ಹೆಜ್ಜೆ ತೆವಳಿದಳು. ಮೂರನೆಯದಕ್ಕೆ ಅವನು ಕಾಲು ಹಿಡಿದು ಎಳೆದು, ಬೆನ್ನಿನ ಮೇಲೆ ಮಲಗಿಸಿ, ಎದೆಯ ಮೇಲೆ ಕೂತು ಎರಡು ಕೈಯಿಂದ ಕುತ್ತಿಗೆ ಅಮುಕಿದ.

ಈ ಸಲ ಬೆರಳು ಮಡಿಸಿದ್ದ.

ಗಂಟಲೊಳಗೆ ಏನೋ ಕಟಕ್ಕೆಂದಿತು. ಅವನ ಮುಖದ ಹಿಂದೆ ಟಿವಿಯಲ್ಲಿ ಕೆಂಪು ಜಾಕೆಟ್ ಅಲೆಯ ಮುಂದೆ ನಿಂತೇ ಇತ್ತು. ದೂರದಲ್ಲಿ ಯಾರೋ ಹಿಮವನ್ನು ಜಡೆ ಹಿಡಿದು ಎಳೆಯುತ್ತಿದ್ದರು. ಇದು ನನ್ನ ಕತೆಯಲ್ಲ, ಬೇರೆಯವರದು, ಎಂದುಕೊಂಡಳು. ಬೆಳಕು ಅಂಚಿನಿಂದ ಒಳಕ್ಕೆ ಕಪ್ಪಾಗತೊಡಗಿತು.

ಆಗ ಕಾವಲಿ ಬಂತು.

ದೋಸೆ ಹುಯ್ಯುತ್ತಿದ್ದ ಕಬ್ಬಿಣದ ಕಾವಲಿ, ಒಲೆಯಿಂದ ಹಾಗೇ ಎತ್ತಿದ್ದು. ಉಮಾವತಿ ಅದನ್ನು ಬಟ್ಟೆಯಲ್ಲಿ ಹಿಡಿದು ಚಿರಂತನನ ಬಲ ಮೊಣಕೈ ಮೇಲೆ ಬೀಸಿದ್ದರು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವನ ಬಾಯಿಂದ ಮನುಷ್ಯರದಲ್ಲದ ಕೂಗು ಬಂತು. ಎರಡನೆಯ ಏಟು ಬೆನ್ನಿಗೆ. ಅಂಗಿ ಸುಟ್ಟ ವಾಸನೆ, ಅದರ ಹಿಂದೆಯೇ ಚರ್ಮದ್ದು. ಅವನು ಪಕ್ಕಕ್ಕೆ ಉರುಳಿ ಗಾಜಿನ ಚೂರುಗಳ ಮೇಲೆ ಬೋರಲು ಬಿದ್ದ, ತುಟಿ ಹರಿಯಿತು.

ಉಮಾವತಿ ಕಾವಲಿ ಕೆಳಗಿಟ್ಟರು. ಬಂಗುಡೆ ಬುಟ್ಟಿ ಹೊತ್ತು ಗಟ್ಟಿಯಾದ ಹೆಂಗಸು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಳಿಯನ ಬೆನ್ನಿನ ಸುಟ್ಟ ಜಾಗದ ಮೇಲೆಯೇ ಮೊಣಕಾಲೂರಿದರು. ಎಡಗೈಯಲ್ಲಿ ಮುರಿದ ತೋಳು, ಬಲಗೈಯಲ್ಲಿ ಕೂದಲು.

ಕ್ಷಮಾ ಏನೋ ಹೇಳಲು ಹೋದಳು. ಗಾಳಿ ಬಂತು, ಮಾತು ಬರಲಿಲ್ಲ. ಬೆರಳಿನಿಂದ ಒಂದೊಂದೇ ಅಂಕಿ ಒತ್ತಿ ಪೊಲೀಸರಿಗೆ ಫೋನ್ ಮಾಡಿ, ಫೋನನ್ನು ನೆಲದ ಮೇಲೆ ಬಿಟ್ಟಳು. ಸದ್ದು ಅವರೇ ಕೇಳಿಸಿಕೊಳ್ಳಲಿ.

"ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದೆ," ಅಂದರು ಉಮಾವತಿ ಮೆಲ್ಲಗೆ. ಮೀನಿನ ದರ ಹೇಳುವಷ್ಟೇ ಸಲೀಸಾಗಿ. "ಹೇಳು ಚಿರಂತನ. ಕಡಲಿಗೆ ಹೋದದ್ದು ಯಾರು?"

"ಅತ್ತೆ, ಕೈ..."

ಅವರು ಕೈಯನ್ನು ಸ್ವಲ್ಪ ತಿರುಚಿದರು. ಎಲುಬಿನ ತುದಿ ಒಳಗೆ ಸರಿದದ್ದು ಕ್ಷಮಾಳಿಗೂ ಕೇಳಿಸಿತು.

"ನವ್ಯಾ," ಅಂದ. "ನವ್ಯಾ."

"ಎಂತ ಹೇಳಿ ಕರೆದುಕೊಂಡು ಹೋದೆ?"

"ನಾಟಕ ಅಂತ. ಮಾನಸನ ಹೆಸರಲ್ಲಿ ಬರೋದು, ಜಾಕೆಟ್ ದಂಡೆ ಮೇಲೆ ಬಿಡೋದು, ಅವಳ ಸ್ವಂತ ಟಿಕೆಟಲ್ಲಿ ವಾಪಸ್ ಹೋಗೋದು. ಆಮೇಲೆ ನಾವಿಬ್ರು..."

"ಮತ್ತೆ ಯಾಕೆ ದೂಡಿದೆ?"

"ಬರೀ ಜಾಕೆಟ್ ಸಿಕ್ಕಿದ್ರೆ ಯಾರು ನಂಬ್ತಾರೆ? ಮುಳುಗಿದ್ದು ನಾಲ್ಕು ಜನ ನೋಡ್ಬೇಕಿತ್ತು." ಅವನು ನೆಲಕ್ಕೆ ರಕ್ತ ಉಗುಳಿದ. "ಅವಳು ನಗ್ತಾ ಇದ್ಲು. ಕಲ್ಲು ನೋಡ್ಕೊಂಡು."

ಪಕ್ಕದ ಮನೆಯ ಡಚ್ ಹೆಂಗಸು ಗೋಡೆ ಗುದ್ದಿ ಏನಾಯಿತೆಂದು ಕೂಗಿದಳು.

"ಇದೆಲ್ಲ ಎಂತಕ್ಕೆ?" ಉಮಾವತಿಯ ಸ್ವರ ಮೊದಲ ಸಲ ನಡುಗಿತು. "ನನ್ನ ಮಗಳು ನಿನಗೆ ಎಂತ ಮಾಡಿದಳು?"

"ಬಿಟ್ಟು ಹೋಗ್ತೀನಿ ಅಂದ್ಲು. ಮನೆ ನೋಡಿದ್ದೀನಿ ಮಾಸ್ಟ್ರಿಕ್ಟಲ್ಲಿ, ಕೆಲಸ ಸಿಕ್ಕಿದೆ, ಹೋಗ್ತೀನಿ ಅಂದ್ಲು. ಎರಡೇ ಎರಡು ಸಲ ಕೈ ಮಾಡಿದ್ದೆ, ಅಷ್ಟಕ್ಕೆ. ಮೈಸೂರಲ್ಲಿ ನಮ್ಮಮ್ಮ ಯಾವ ಮುಖ ಇಟ್ಕೊಂಡು ದೇವಸ್ಥಾನಕ್ಕೆ ಹೋಗ್ಬೇಕು?" ಅವನ ಕಣ್ಣು ಊಟದ ಮೇಜಿನ ಕಡೆ ಹೋಯಿತು. "ಹೆಂಡ್ತಿ ಸತ್ಲು ಅಂದ್ರೆ ಜನ ಊಟ ತಂದು ಕೊಡ್ತಾರೆ ಅತ್ತೆ. ಬಿಟ್ಟೋದ್ಲು ಅಂದ್ರೆ ಏನಂತಾರೆ ಗೊತ್ತಾ ನಿಮ್ಗೆ?"

ಉಮಾವತಿ ಅವನ ತಲೆಯನ್ನು ಹಿಂದಕ್ಕೆ ಎಳೆದರು. ಕುತ್ತಿಗೆಯ ನರ ಉಬ್ಬಿತು.

"ಮಾನಸ ಎಲ್ಲಿ? ಕೊಂದು ಎಲ್ಲಿ ಹಾಕಿದೆ?"

ಚಿರಂತನ ನಕ್ಕ. ಹಲ್ಲಿನ ಸಂದಿಯೆಲ್ಲ ಕೆಂಪಾಗಿತ್ತು.

"ಕೊಂದಿಲ್ಲ. ನನ್ನ ಕೈಲಿ ಆಗಲಿಲ್ಲ. ಒಂದು ಕಡೆ ಕೂಡಿ ಹಾಕಿದ್ದೀನಿ. ದಿನಾ ಹೋಗಿ ನೀರು, ಬ್ರೆಡ್ಡು ಕೊಟ್ಟು ಬರ್ತಿದ್ದೆ."

ಕ್ಷಮಾ ಗೋಡೆ ಹಿಡಿದು ಎದ್ದು ನಿಂತಳು.

"ಮಂಗಳವಾರ ನೀವು ಬಂದ್ರಿ," ಅಂದ ಅವನು. "ಸೂತಕದ ಮನೆ, ಕರ್ಮ ಹಿಡಿಯೋನು ಹೊಸ್ತಿಲು ದಾಟಬಾರದು ಅಂತ ಕೂರಿಸಿದ್ರಿ. ಅಂಗಡಿಗೂ ಬಿಡಲಿಲ್ಲ. ಮೆಟ್ಟಿಲ ಬುಡದಲ್ಲೇ ಮಲಗಿದ್ರಿ. ಇವತ್ತು ಶನಿವಾರ. ನಾಲ್ಕು ದಿನ ಆಯ್ತು ಅತ್ತೆ, ನಾನು ಅಲ್ಲಿಗೆ ಹೋಗಿಲ್ಲ. ಎರಡು ಬಾಟಲಿ ನೀರಿತ್ತು. ನಿಮ್ಮ ಮಗಳನ್ನ ನೀರಿಲ್ಲದೆ ಇಟ್ಟೋರು ನೀವು."

ಬೇಡ, ಎಂದು ಕ್ಷಮಾ ಕೂಗಿದಳು. ಕೂಗು ಗಂಟಲು ದಾಟಲಿಲ್ಲ.

ಉಮಾವತಿ ಎರಡೂ ಕೈಯಿಂದ ಅವನ ತಲೆ ಎತ್ತಿ ನೆಲದ ಕಲ್ಲುಹಾಸಿಗೆ ಅಪ್ಪಳಿಸಿದರು. ಒಂದೇ ಸಲ. ತೆಂಗಿನಕಾಯಿ ಪೂರ್ತಿ ಒಡೆಯದೆ ಬಿರುಕು ಬಿಟ್ಟ ಹಾಗೆ ಒಂದು ಮಂಕು ಸದ್ದು. ಅವನ ಕಾಲು ಎರಡು ಸಲ ಅದುರಿ ನಿಂತಿತು. ಕಿವಿಯಿಂದ ತೆಳ್ಳಗೆ ರಕ್ತ ಇಳಿದು ಗಾಜಿನ ಚೂರುಗಳ ನಡುವೆ ದಾರಿ ಹುಡುಕಿತು.

ಕ್ಷಮಾ ಹತ್ತಿರ ಬಂದು ಕೂತು ಅವನ ಮೂಗಿಗೆ ಬೆರಳು ಹಿಡಿದಳು. ಉಸಿರಿತ್ತು, ಎಣ್ಣೆ ತೀರಿದ ದೀಪದಷ್ಟು. ಕೆನ್ನೆಗೆ ಹೊಡೆದಳು, ರೆಪ್ಪೆ ಬಿಡಿಸಿದಳು. ಬಿಳಿಯ ಹೊರತು ಏನೂ ಕಾಣಲಿಲ್ಲ.

ಬೀದಿಯ ತಿರುವಿನಲ್ಲಿ ಪೊಲೀಸ್ ಸೈರನ್ ಕೇಳತೊಡಗಿತು.

ಉಮಾವತಿ ತಮ್ಮ ಎರಡು ಅಂಗೈಯನ್ನೂ ಮುಂದೆ ಹಿಡಿದು ನೋಡುತ್ತಿದ್ದರು, ಅವು ಯಾರದೋ ಎಂಬಂತೆ. "ಎಲ್ಲಿ ಅಂತ ಹೇಳುವವರೆಗೂ ತಡೆಯಲಿಲ್ಲ ನಾನು," ಅಂದರು. "ಮಗಾ, ಎಲ್ಲಿ ಅಂತ ಅವನು ಹೇಳಲೇ ಇಲ್ಲ."

ಕ್ಷಮಾ ಆ ಕೈಗಳನ್ನು ಹಿಡಿದುಕೊಂಡಳು. ಹೇಳಲು ಅವಳ ಹತ್ತಿರ ಒಂದೇ ಮಾತಿತ್ತು. ರಕ್ತ ನುಂಗಿ, ಹರಿದ ಗಂಟಲಿನಿಂದ ಒಂದೊಂದೇ ಅಕ್ಷರ ಕಿತ್ತು ತೆಗೆದಳು.

"ಉಮಕ್ಕ. ಕಡಲು ಕೊಂಡುಹೋಗಲಿಲ್ಲ."

ಉಮಾವತಿ ತಲೆಯಾಡಿಸಿದರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಕಣ್ಣು ತುಂಬಿತು. "ಕೊಟ್ಟ ಮಾತು ತೀರಿಸಿದೆ ಮಗಾ," ಅಂದು, ಅಳಿಯನ ಜೇಬುಗಳಿಗೆ ಕೈ ಹಾಕಿ ಬೀಗದ ಕೈಗಾಗಿ ಹುಡುಕತೊಡಗಿದರು.